ಮೊದಲ ಸಾವಿರದ ಆಯಿಲ್

ಭೀಮುನಿಪಟ್ಟಣದ ಕಡೆಗೆ ಹೋಗುವ ಕಡಲ ರಸ್ತೆಯಲ್ಲಿ ದೇವಮ್ಮನಿಂದ ಏಟನ್ನಾಗಲಿ ಬೈಗುಳವನ್ನಾಗಲಿ ತಿನ್ನದ ಡ್ರೈವರು ಯಾವನಾದರೂ ಇದ್ದರೆ, ಅವನು ನಿನ್ನೆ ಮೊನ್ನೆ ವಿಶಾಖಪಟ್ಟಣಕ್ಕೆ ಬಂದಿಳಿದವನೆಂದೇ ತಿಳಿಯಬೇಕು. ಬೈಗುಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಏಟಿಗೆ ಭಾಷೆಯ ಹಂಗಿರಲಿಲ್ಲ.

ಒಮ್ಮೆ ಜಗನ್ಮೋಹನ್ ಎಂಬ ಟ್ಯಾಕ್ಸಿಯವನು ಹೊಚ್ಚ ಹೊಸ ಕಾರನ್ನು ಹದಿನಾಲ್ಕು ಸಾವಿರ ಕಿಲೋಮೀಟರು ಓಡಿಸಿಕೊಂಡು, ಗಾಡಿ ರಿಪೇರಿ ಮಾಡುವ ಅವಳ ತಗಡಿನ ಶೆಡ್ಡಿಗೆ ಬಂದ. ಒಂದೇ ಒಂದು ಸಲವೂ ಇಂಜಿನ್ ಆಯಿಲ್ ಬದಲಿಸಿರಲಿಲ್ಲ. ಇಂಜಿನ್ನು ಕಟಕಟ ಎನ್ನುತ್ತಿದೆ, ಕಾರು ಮಾರಿದವರು ಮೋಸ ಮಾಡಿದರು ಎಂದು ಕೂಗಾಡಿದ. ದೇವಮ್ಮ ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದಳು. ಅದರ ತುದಿಯಲ್ಲಿ ಅಂಟಿದ್ದ ಕರಿ ಮಡ್ಡಿಯನ್ನು ಬೆರಳಿನಲ್ಲಿ ಬಳಿದು ಅವನ ಕೆನ್ನೆಗೆ ಒರೆಸಿದಳು, ಒರೆಸಿದ ಜಾಗಕ್ಕೇ ಒಂದು ಬಿಟ್ಟಳು. ಅವನು ತಿರುಗಿ ಕೈ ಎತ್ತಿದ. ಎತ್ತಬಾರದಿತ್ತು. ಅವಳ ಇನ್ನೊಂದು ಕೈಯಲ್ಲಿದ್ದ ಸ್ಪ್ಯಾನರು ಅವನ ಬಾಯಿಗೆ ತಗುಲಿ ಮುಂದಿನ ಹಲ್ಲೊಂದು ಗಾಡಿಯಡಿ ಇಳಿದು ಕೆಲಸ ಮಾಡುವ ಗುಂಡಿಗೆ ಬಿತ್ತು. ವಿಚಿತ್ರವೆಂದರೆ ಆ ಮಹಾಶಯ ಇವತ್ತಿಗೂ ಅವಳ ಗಿರಾಕಿ. ಮುಂದಿನ ಕಾರು ಕೊಂಡಾಗ ಒಂಬೈನೂರು ಕಿಲೋಮೀಟರಿಗೇ ಓಡೋಡಿ ಬಂದ. ದಂಡಂ ದಶಗುಣಂ ಅಂತ ದೊಡ್ಡವರು ಸುಮ್ಮನೆ ಹೇಳಲಿಲ್ಲ.

ಹೊಸ ಗಾಡಿಗೆ ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ಯಾರಾದರೂ ಕೇಳಿದರೆ ದೇವಮ್ಮನಿಗೆ ಎಲ್ಲಿಲ್ಲದ ಹುರುಪು. ತೆಲುಗಿನವರಿಗೆ ತೆಲುಗಿನಲ್ಲಿ, ನೌಕಾದಳದ ಕನ್ನಡದ ಹುಡುಗರಿಗೆ ನಾಗಮಂಗಲದ ಕನ್ನಡದಲ್ಲಿ ಪಾಠ ಶುರುವಾಗುತ್ತಿತ್ತು.

"ಹೊಸ ಇಂಜಿನ್ ಅಂದ್ರೆ ಹೊಸ ಕಬ್ಣ ಕಣ್ಲಾ. ಒಂದುಕ್ಕೊಂದು ಉಜ್ಜಾಡ್ತವೆ. ಉಜ್ಜಾಡ್ದಾಗ ಪುಡಿ ಉದುರ್ತದೆ. ಆ ಪುಡಿ ಆಯಿಲ್‌ನಲ್ಲೇ ಸುತ್ತಾಡ್ತಿದ್ರೆ ಒಳಗಿರೋದ್ನೆಲ್ಲ ತಿಂದಾಕ್ತದೆ. ಅದ್ಕೇ ಮೊದಲ್ನೇ ಆಯಿಲ್ ಸಾವಿರಕ್ಕೆ ಇಳಿಸ್ಬುಡಬೇಕು. ಆಮೇಲೆ ಐದು ಸಾವಿರಕ್ಕೆ. ಅಲ್ಲಿಂದ ಮುಂದಕ್ಕೆ ನಿನ್ ಪುಸ್ತಕ ಏನ್ ಯೋಳ್ತದೋ ಅಷ್ಟು. ಹೊರೆ ಹೊರೋ ಗಾಡಿ ಆದ್ರೆ ಪುಸ್ತಕಕ್ಕಿಂತ ಇನ್ನೂ ಮೊದ್ಲು."

ಷೋರೂಮಿನವರು ನಗುತ್ತಿದ್ದರು. ಈಗಿನ ಇಂಜಿನ್ನುಗಳಿಗೆ ಇಷ್ಟೊಂದು ಅವಸರ ಬೇಡ, ಅದೆಲ್ಲ ಹಳೇ ಕಾಲದ ಮಾತು ಎನ್ನುತ್ತಿದ್ದರು. ದೇವಮ್ಮ ವಾದಕ್ಕೆ ಹೋಗುತ್ತಿರಲಿಲ್ಲ. ಸಾವಿರಕ್ಕೆ ಇಳಿಸಿದ ಆಯಿಲನ್ನು ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿಯುತ್ತಿದ್ದಳು. ಅದರೊಳಗೆ ಸಣ್ಣಗೆ ಬೆಳ್ಳಿಪುಡಿ ಮಿನುಗುತ್ತಿತ್ತು. ನೋಡಿದವರು ಬಾಯಿ ಮುಚ್ಚುತ್ತಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ಗಂಡನಿಂದ. ಬಂದ ದಾರಿ ಮಾತ್ರ ನೆಟ್ಟಗಿರಲಿಲ್ಲ.

ಗಂಡ ಹಿರಿಯಣ್ಣ ನೌಕಾದಳದಲ್ಲಿ ಇಂಜಿನ್ ಮೆಕ್ಯಾನಿಕ್. ಹತ್ತೊಂಬತ್ತನೇ ವಯಸ್ಸಿಗೆ ಅವನ ಹಿಂದೆ ನಾಗಮಂಗಲದಿಂದ ವಿಶಾಖಪಟ್ಟಣಕ್ಕೆ ಬಂದವಳು ಇವಳು. ಮೊದಲ ವರ್ಷಗಳಲ್ಲಿ ಅವನು ಬೆಲ್ಟು ಬಿಚ್ಚಿ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೂ ಬೆಲ್ಟು, ಕಡಿಮೆಯಾದರೂ ಬೆಲ್ಟು. ಕ್ವಾರ್ಟರ್ಸಿನ ಹೆಂಗಸರು ಗಾಯಕ್ಕೆ ಅರಿಸಿನ ಹಚ್ಚಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿ ಹೋಗುತ್ತಿದ್ದರು. ಉಂಡು ಮಲಗಿದ ಮೇಲೂ ಬೆನ್ನು ಉರಿಯುವುದನ್ನು ಆ ಗಾದೆ ಕಟ್ಟಿದವನು ಕಂಡಿರಲಿಲ್ಲವೆಂದು ಕಾಣುತ್ತದೆ.

ನೌಕರಿ ಮುಗಿಸಿ ಹಿರಿಯಣ್ಣ ಈ ಶೆಡ್ಡು ಹಾಕಿದ. ಎರಡನೇ ತಿಂಗಳಲ್ಲಿ ಒಂದು ದಿನ, ಕೈನೆರವಿಗೆ ಬರುತ್ತಿದ್ದ ಅವಳು ಆಯಿಲ್ ಇಳಿಸುವ ಡ್ರೈನ್ ಬೋಲ್ಟನ್ನು ಜಾಸ್ತಿ ತಿರುವಿ ಅದರ ಸುತ್ತುಗೆರೆ ಹಾಳು ಮಾಡಿದಳೆಂದು ಗಿರಾಕಿಗಳ ಎದುರೇ ಕಪಾಳಕ್ಕೆ ಬಿಗಿದ. ಆಗ ಅವಳ ಕೈಯಲ್ಲಿ ಆಗ ತಾನೇ ಇಳಿಸಿದ ಆಯಿಲಿನ ಬೋಗುಣಿ ಇತ್ತು. ಆಯಿಲನ್ನು ಯಾವತ್ತೂ ಬಿಸಿಯಿದ್ದಾಗಲೇ ಇಳಿಸಬೇಕು, ಇಲ್ಲದಿದ್ದರೆ ಮಡ್ಡಿ ಒಳಗೇ ನಿಲ್ಲುತ್ತದೆ. ಆ ಬಿಸಿ ಆಯಿಲ್ ಹಿರಿಯಣ್ಣನ ಎಡಗಾಲಿನ ಮೇಲೆ ಬಿತ್ತು. ಚರ್ಮ ಕಾಲುಚೀಲದ ಹಾಗೆ ಸುಲಿದು ಬಂತು. ಆರು ವಾರ ಅವನು ಮಂಚ ಬಿಟ್ಟೇಳಲಿಲ್ಲ. ಮಲಗಿದಲ್ಲಿಂದಲೇ ಅವನು ಹೇಳುವುದು, ಇವಳು ಶೆಡ್ಡಿಗೆ ಹೋಗಿ ಮಾಡುವುದು. ಹಾಗೆ ದೇವಮ್ಮ ಮೆಕ್ಯಾನಿಕ್ ಆದಳು. ಎದ್ದ ಮೇಲೆ ಹಿರಿಯಣ್ಣ ಅವಳ ಮೇಲೆ ಮತ್ತೆ ಕೈ ಎತ್ತಲಿಲ್ಲ. ಕಾಲಿನ ಗುರುತು ಯಾವುದೋ ಬಂದರಿನಲ್ಲಿ ಆದದ್ದೆಂದು ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಆಮೇಲಿನ ಇಪ್ಪತ್ತು ವರ್ಷ ಇಬ್ಬರೂ ಹೊಂದಿಕೊಂಡು ಬಾಳಿದರು. ನಾಲ್ಕು ವರ್ಷದ ಹಿಂದೆ ಎದೆನೋವು ಬಂದು ಅವನು ತೀರಿಕೊಂಡಾಗ ಅವಳು ಮೂರು ದಿನ ಅನ್ನ ಮುಟ್ಟಲಿಲ್ಲ.

ಆದರೆ ಮನುಷ್ಯರು ತಮ್ಮ ಕಥೆಯನ್ನೇ ತಿದ್ದಿಕೊಳ್ಳುತ್ತಾರೆ ನೋಡಿ. ವರ್ಷ ಕಳೆದಂತೆ ದೇವಮ್ಮನ ಬಾಯಲ್ಲಿ ಅದು ಬೇರೆಯೇ ಆಯಿತು. ಮೊದಮೊದಲು ಉಜ್ಜಾಟ ಇತ್ತು, ಆಮೇಲೆ ಸವೆದು ಸರಿಹೋಯಿತು ಎನ್ನುತ್ತಿದ್ದಳು. ಬಿಸಿ ಆಯಿಲ್ ಕೈಜಾರಿ ಬಿದ್ದದ್ದು ಎನ್ನುತ್ತಿದ್ದಳು. ಕೈ ಜಾರಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಹಿರಿಯಣ್ಣನಿಗೂ ಗೊತ್ತಿತ್ತು.

ಅವರಿಗೆ ಒಬ್ಬಳೇ ಮಗಳು, ಸಿಂಧೂರ. ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣದಲ್ಲಿ. ಕನ್ನಡ ಅಮ್ಮನ ಜೊತೆಗೆ ಮಾತ್ರ, ಅದೂ ಅರ್ಧಕ್ಕೆ ತೆಲುಗು ನುಗ್ಗುತ್ತಿತ್ತು. ಅವಳನ್ನು ಕೊಟ್ಟದ್ದು ವಿಜಯವಾಡದ ಕಾಮೇಶ್ವರನಿಗೆ. ಗವರ್ನರ್‌ಪೇಟೆಯ ಸಗಟು ಬಟ್ಟೆ ಅಂಗಡಿಯೊಂದರ ಗಾಡಿ ಓಡಿಸುತ್ತಿದ್ದ ಅವನು ವಿಶಾಖಪಟ್ಟಣಕ್ಕೆ ಲೋಡು ತಂದಾಗೆಲ್ಲ ದೇವಮ್ಮನ ಶೆಡ್ಡಿಗೆ ಬರುತ್ತಿದ್ದ. ಎಡಗೈಯಲ್ಲಿ ಸ್ಪ್ಯಾನರು ಹಿಡಿಯುವ, ಮೆತ್ತಗೆ ಮಾತಾಡುವ ಹುಡುಗ. ಐದು ಸಾವಿರ ಎಂದರೆ ಐದು ಸಾವಿರಕ್ಕೆ ಆಯಿಲ್, ಒಂದು ಕಿಲೋಮೀಟರು ಹೆಚ್ಚಿಲ್ಲ. ಗಾಡಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವವನು ಹೆಂಡತಿಯನ್ನು ನೋಡಿಕೊಳ್ಳದೆ ಇರುತ್ತಾನೆಯೇ ಎಂದು ದೇವಮ್ಮ ಒಪ್ಪಿದಳು. ಅದು ಧಣಿಯ ಗಾಡಿ, ಹಾಳಾದರೆ ಕೇಳುವವನು ಒಬ್ಬನಿದ್ದ ಎಂಬುದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಮದುವೆಯ ವಾರದಲ್ಲೇ ನಾಲ್ಕು ಚಕ್ರದ ಪುಟ್ಟ ಸರಕು ಗಾಡಿಯೊಂದನ್ನು ಕೊಡಿಸಿದಳು. ಓಡಿಸುವುದು ಅಳಿಯ, ಆದರೆ ಕಾಗದ ಪತ್ರವೆಲ್ಲ ಮಗಳ ಹೆಸರಿಗೆ. ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿ ದುರ್ಗಮ್ಮನ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದರು. ಹೊರಡುವಾಗ ದೇವಮ್ಮ ಮಗಳಿಗೆ ಎರಡು ಮಾತು ಹೇಳಿದಳು. ಒಂದು, ಮೊದಲ ಆಯಿಲ್ ತನ್ನ ಕೈಯಿಂದಲೇ ಇಳಿಯಬೇಕು, ಸಾವಿರವಾಗುತ್ತಲೇ ಗಾಡಿ ತನ್ನ ಶೆಡ್ಡಿಗೆ ಬರಬೇಕು. ಎರಡು, ಪ್ರತಿ ಶುಕ್ರವಾರ ಗಾಡಿಗೆ ಕುಂಕುಮ ಇಟ್ಟ ಮೇಲೆ ಮೀಟರಿನ ಫೋಟೋ ತೆಗೆದು ಫೋನಿಗೆ ಕಳಿಸಬೇಕು. ಮಗಳು ಅಳುತ್ತಾ ತಲೆಯಾಡಿಸಿದಳು.

ಸಾವಿರಕ್ಕೆ ಅವರು ಬಂದರು. ಕಾಮೇಶ್ವರ ಟೀ ಕುಡಿಯಲು ರಸ್ತೆಯಾಚೆ ಹೋದ. ದೇವಮ್ಮ ಗಾಡಿಯಡಿಯ ಗುಂಡಿಯಲ್ಲಿ ನಿಂತು ಬೋಲ್ಟು ಬಿಚ್ಚುತ್ತಿದ್ದಾಗ ಸಿಂಧೂರ ಗುಂಡಿಯ ಅಂಚಿಗೆ ಬಂದು ಕೂತಳು. ರವಿಕೆಯ ಹಿಂಬದಿ ಎತ್ತಿ ತೋರಿಸಿದಳು. ಬೆನ್ನ ಮೇಲೆ ಅಗಲವಾದ ನೀಲಿ ಗುರುತು, ಪಕ್ಕದಲ್ಲಿ ಹಳದಿಯಾಗುತ್ತಿದ್ದ ಇನ್ನೊಂದು.

"ಅಮ್ಮಾ, ನಾನು ವಾಪಸ್ ಹೋಗಲ್ಲ. ಇಲ್ಲೇ ಇದ್ಬಿಡ್ತೀನಿ. ಪ್ಲೀಜ್ ಅಮ್ಮಾ."

ದೇವಮ್ಮನ ಅಂಗೈಯಲ್ಲಿ ಬಿಸಿ ಆಯಿಲ್ ಇತ್ತು. ಬಿಸಿಲಿಗೆ ಹಿಡಿದಿದ್ದಳು. ಬೆಳ್ಳಿಪುಡಿ ಮಿನುಗುತ್ತಿತ್ತು.

"ಹೊಸ ಗಾಡಿ ಕಣವ್ವ," ಎಂದಳು. "ಮೊದಮೊದಲು ಉಜ್ಜಾಡ್ತದೆ. ನಿಮ್ಮಪ್ಪ ಏನ್ ಕಮ್ಮಿ ಹೊಡ್ದ್ನಾ? ಸವೆದು ಸರಿಹೋಯ್ತದೆ. ತಡ್ಕೋ."

ಊರಿಗೆಲ್ಲ ಹೇಳುವುದು ಶಾಸ್ತ್ರ, ಮನೆಯಲ್ಲಿ ತಿನ್ನುವುದು ಬದನೆಕಾಯಿ. ಮೊದಲ ಪುಡಿ ಉದುರುವಾಗಲೇ ಇಳಿಸಿಬಿಡಬೇಕು ಎಂದು ಇಪ್ಪತ್ತು ವರ್ಷ ಡ್ರೈವರುಗಳ ಕೆನ್ನೆಗೆ ಬಾರಿಸಿ ಕಲಿಸಿದವಳು, ತನ್ನ ಮಗಳಿಗೆ ತಡೆದುಕೋ ಎಂದು ಹೇಳಿ, ಹೊಸ ಆಯಿಲ್ ತುಂಬಿ, ಮುಂದಿನ ಆಯಿಲ್ ಐದು ಸಾವಿರಕ್ಕೆ ಎಂದು ಚೀಟಿ ಬರೆದು ಗಾಜಿಗೆ ಅಂಟಿಸಿ ಕಳಿಸಿದಳು.

ಆಮೇಲೆ ಶುಕ್ರವಾರಗಳು ಬಂದವು. ಸಾವಿರದ ಮುನ್ನೂರು, ಸಾವಿರದ ಆರುನೂರು, ಎರಡು ಸಾವಿರ. ಸಿಂಧೂರ ಫೋನಿನಲ್ಲಿ ಮಾತು ಕಡಿಮೆ ಮಾಡಿದಳು, ಫೋಟೋ ತಪ್ಪಿಸಲಿಲ್ಲ. ಐದು ಸಾವಿರ ದಾಟಿತು, ಗಾಡಿ ಬರಲಿಲ್ಲ. ಹತ್ತು ಸಾವಿರದವರೆಗೂ ಬೇಡವೆಂದು ಯಾರೋ ಹೇಳಿದ್ದಾರೆ ಎಂದು ಕಾಮೇಶ್ವರ ಫೋನಿನಲ್ಲೇ ನಕ್ಕ. ದೇವಮ್ಮನಿಗೆ ರೇಗಿತು. ಮಗಳು ಮೆತ್ತಗಾದದ್ದಕ್ಕಲ್ಲ, ಆಯಿಲ್ ಬದಲಿಸದೆ ಇದ್ದದ್ದಕ್ಕೆ.

ಆ ಶುಕ್ರವಾರದ ಫೋಟೋದಲ್ಲಿ ಆರು ಸಾವಿರದ ನಾನೂರ ಎಂಬತ್ತೆರಡು. ಭಾನುವಾರ ಬೆಳಗಿನ ಜಾವ ಕಾಮೇಶ್ವರನ ಫೋನು ಬಂತು. ಸಿಂಧೂರ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ತಲೆಗೆ ಐದು ಹೊಲಿಗೆ ಬಿದ್ದಿದೆ, ತಾನು ಶನಿವಾರ ಲೋಡು ತುಂಬಿಕೊಂಡು ರಾಜಮಂಡ್ರಿಗೆ ಹೋಗಿದ್ದೆ, ಸುದ್ದಿ ತಿಳಿದು ಈಗ ಓಡಿ ಬಂದೆ ಎಂದ.

ದೇವಮ್ಮ ಮೊದಲ ಬಸ್ಸು ಹತ್ತಿದಳು. ಮಗಳ ಮನೆಗೆ ಹೋಗುವಾಗ ಬೇರೆಯವರು ಹೂವು ಹಣ್ಣು ಒಯ್ಯುತ್ತಾರೆ. ಇವಳ ಚೀಲದಲ್ಲಿ ಆಯಿಲ್ ಡಬ್ಬ, ಒಂದು ಫಿಲ್ಟರು, ಒಂದು ಸ್ಪ್ಯಾನರು. ಬಸ್ಸಿನಲ್ಲಿ ಕೂತು ಫೋನು ತೆಗೆದು ಹಳೇ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಹೋದಳು. ಇಷ್ಟು ದಿನ ಅಂಕಿ ಮಾತ್ರ ನೋಡಿದ್ದಳು. ಈಗ ಕಂಡಿತು. ಮೀಟರಿನ ಗಾಜಿನಲ್ಲಿ, ಅಂಕಿಗಳ ಮೇಲೆ, ಫೋಟೋ ತೆಗೆಯುವವಳ ಮುಖ ಮಸುಕಾಗಿ ಬಿದ್ದಿತ್ತು. ಎರಡು ಸಾವಿರದಲ್ಲಿ ತುಟಿ ಊದಿತ್ತು. ಮೂರೂವರೆ ಸಾವಿರದಲ್ಲಿ ಒಂದು ಕಣ್ಣು ಮುಚ್ಚಿಹೋಗಿತ್ತು. ನಾಲ್ಕು ಸಾವಿರದ ಎಂಟುನೂರರಲ್ಲಿ ಮುಖವೇ ಇರಲಿಲ್ಲ, ಸೆರಗು ಹೊದ್ದುಕೊಂಡಿದ್ದಳು. ದೇವಮ್ಮ ಫೋನನ್ನು ತೊಡೆಯ ಮೇಲೆ ಮಗುಚಿಟ್ಟು ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿದಳು. ಪಕ್ಕದ ಸೀಟಿನವಳು ನೀರು ಕೊಟ್ಟಳು.

ಗವರ್ನರ್‌ಪೇಟೆಯ ಹಿಂದಿನ ಓಣಿಯೊಂದರಲ್ಲಿ ಮಹಡಿಯ ಮನೆ ಅವರದು. ಕೆಳಗಡೆ ಮನೆಯೊಡತಿ ಕೋಟೇಶ್ವರಮ್ಮ. ಆಕೆ ಬಾಗಿಲಲ್ಲೇ ನಿಂತಿದ್ದಳು, ದೇವಮ್ಮನನ್ನು ಕಂಡು ಏನೋ ಹೇಳಲು ಬಾಯಿ ತೆರೆದು, ಮೆಟ್ಟಿಲ ಮೇಲೆ ಕಾಮೇಶ್ವರನನ್ನು ನೋಡಿ ಒಳಗೆ ಸರಿದಳು. ಮೇಲೆ ಸಿಂಧೂರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆಗೆ ಪಟ್ಟಿ. ಬಲಗಿವಿಯಲ್ಲಿ ಹತ್ತಿ ತುರುಕಿತ್ತು, ಹತ್ತಿ ಕಂದಾಗಿತ್ತು.

"ಏನಾಯ್ತವ್ವ?"

"ಪಡಿಪೋಯಾನು," ಎಂದಳು ಮಗಳು. ಬಿದ್ದೆ ಎಂದು. ಕಣ್ಣು ಮಾತ್ರ ಬಾಗಿಲಲ್ಲಿ ನಿಂತ ಗಂಡನ ಮೇಲಿತ್ತು.

"ರೆಸ್ಟು ಬೇಕು ಅಂದಿದ್ದಾರೆ ಅತ್ತಯ್ಯಗಾರು," ಎಂದ ಕಾಮೇಶ್ವರ ಮೆತ್ತಗೆ. ಅವನ ಬಾಯಲ್ಲಿ ಕನ್ನಡ ಎರವಲು ತಂದ ಅಂಗಿಯಂತೆ, ಹಾಕಿಕೊಂಡರೂ ಒಪ್ಪುತ್ತಿರಲಿಲ್ಲ.

ದೇವಮ್ಮ ಮಗಳ ಹೊದಿಕೆ ಸರಿಮಾಡಿದಳು. "ಹೆಂಗೂ ಬಂದಿವ್ನಿ. ಆಯಿಲ್ ಬದಲಿಸ್ಬುಡ್ತೀನಿ ಅಳಿಯಂದ್ರೇ," ಎಂದು ಚೀಲ ಎತ್ತಿಕೊಂಡು ಕೆಳಗಿಳಿದಳು. ತಲೆ ಕೆಟ್ಟಾಗ ಕೈಗೆ ಕೆಲಸ ಕೊಡುವುದು ಅವಳ ರೂಢಿ. ಗಾಡಿಯ ಬಾಗಿಲು ತೆಗೆದು ಕೀ ತಿರುಗಿಸಿದಳು. ಮೀಟರು ಬೆಳಗಿತು.

ಆರು ಸಾವಿರದ ನಾನೂರ ತೊಂಬತ್ತೊಂದು.

ಅವಳು ಅಲ್ಲೇ ನಿಂತಳು. ಫೋನು ತೆಗೆದು ಶುಕ್ರವಾರದ ಫೋಟೋ ನೋಡಿದಳು. ಮತ್ತೆ ಮೀಟರು ನೋಡಿದಳು. ಒಂಬತ್ತು ಕಿಲೋಮೀಟರು. ರಾಜಮಂಡ್ರಿಗೆ ಹೋಗಿ ಬರುವುದೆಂದರೆ ಮುನ್ನೂರಕ್ಕೂ ಮಿಗಿಲು. ಶನಿವಾರ ಗಾಡಿ ಊರು ಬಿಟ್ಟಿರಲಿಲ್ಲ. ಗಾಡಿ ಊರು ಬಿಟ್ಟಿಲ್ಲವೆಂದರೆ ಅವನೂ ಬಿಟ್ಟಿಲ್ಲ.

"ಅಳಿಯಂದ್ರೇ," ಎಂದು ಮೇಲಕ್ಕೆ ಕೂಗಿದಳು. ದನಿ ಅಲುಗಲಿಲ್ಲ. "ಬಂದು ಹತ್ತು ನಿಮಿಷ ಇಂಜಿನ್ ಓಡ್ಸಿ. ಬಿಸಿ ಆಗ್ಬೇಕು."

ಅವನು ಬಂದು ಓಡಿಸಿದ. ಬಿಸಿಯಾದ ಮೇಲೆ ಆರಿಸಿ ಅವಳು ಗಾಡಿಯ ಕೆಳಗೆ ಬೆನ್ನ ಮೇಲೆ ಜಾರಿದಳು. ಕೋಟೇಶ್ವರಮ್ಮನ ಹಳೇ ಅಲ್ಯೂಮಿನಿಯಂ ಬೋಗುಣಿ ಇಟ್ಟು ಬೋಲ್ಟು ಬಿಚ್ಚಿದಳು. ಕರ್ರಗೆ, ಮಂದವಾಗಿ, ಹೊಗೆಯಾಡುತ್ತಾ ಆಯಿಲ್ ಇಳಿಯಿತು. ಎರಡು ಬೆರಳಿಗೆ ತಾಗಿಸಿ ಉಜ್ಜಿದಳು. ಮರಳು ಉಜ್ಜಿದ ಹಾಗಿತ್ತು. ಪೂರ್ತಿ ಇಳಿದ ಮೇಲೆ ಬೋಲ್ಟನ್ನು ಮತ್ತೆ ಬಿಗಿದು, ಮಲಗಿದಲ್ಲಿಂದಲೇ ಕೇಳಿದಳು.

"ರಾಜಮಂಡ್ರಿ ಎಷ್ಟು ದೂರ ಇಲ್ಲಿಂದ?"

"ನೂರ ಅರವತ್ತು," ಎಂದ ಕಾಮೇಶ್ವರ. ಅವನ ಚಪ್ಪಲಿಗಳು ಚಕ್ರದ ಪಕ್ಕದಲ್ಲಿ ಕಾಣುತ್ತಿದ್ದವು.

"ಈ ಗಾಡೀಲೇ ಹೋಗಿದ್ರಾ?"

"ಇನ್ಯಾವ ಗಾಡಿ ಇದೆ ಅತ್ತಯ್ಯಗಾರು ನಂಗೆ?"

"ಶುಕ್ರವಾರದಿಂದ ಒಂಬತ್ತೇ ಕಿಲೋಮೀಟರು ಓಡ್ಯದೆ ಕಣೋ ಇದು. ನನ್ ಮಗಳು ಫೋಟೋ ಕಳಿಸವ್ಳೆ. ಯಾವ ರಾಜಮಂಡ್ರಿಗೆ ಹೋಗಿದ್ದೆ, ಬೋಳಿಮಗನೆ?"

ಚಪ್ಪಲಿಗಳು ಅವಳ ಕಾಲ ಕಡೆಗೆ ಸರಿದವು. ಆಮೇಲೆ ಅವಳ ಎರಡೂ ಕಾಲುಗಳನ್ನು ಹಿಡಿದು ಅವನು ಹೊರಗೆ ಎಳೆದ. ಬೆನ್ನು ಕಲ್ಲಿಗೆ ಉಜ್ಜಿ ಸೀರೆ ಹರಿಯಿತು. ಪೂರ್ತಿ ಹೊರಗೆ ಬರುವ ಮೊದಲೇ ಪಕ್ಕೆಗೆ ಒದ್ದ. ಎರಡನೇ ಸಲ ಒದ್ದಾಗ ಒಳಗೆ ಏನೋ ಚಟ್ ಎಂದದ್ದು ಅವಳಿಗೇ ಕೇಳಿಸಿತು. ಮೂರನೇ ಸಲಕ್ಕೆ ಕಾಲು ಎತ್ತಿದಾಗ, ನೆಲದ ಮೇಲಿದ್ದ ಇನ್ನೊಂದು ಕಾಲಿನ ಹರಡಿಗೆ ಅವಳ ಸ್ಪ್ಯಾನರು ಬಿತ್ತು. ಮೂಳೆಯ ಸದ್ದು ಓಣಿಗೆಲ್ಲ ಕೇಳುವಂತಿತ್ತು. ಕಾಮೇಶ್ವರ ಕಿರುಚಿಕೊಂಡು ಕುಸಿದ. ಅವಳು ಮಂಡಿಯೂರಿ ಎದ್ದಳು, ಗಾಡಿಯ ಕೆಳಗಿನಿಂದ ಬೋಗುಣಿ ಎಳೆದುಕೊಂಡಳು, ಸೆರಗಿನಿಂದ ಹಿಡಿದು ಎತ್ತಿದಳು. ಆಯಿಲಿನ ಹೊಗೆ ಇನ್ನೂ ಆರಿರಲಿಲ್ಲ. ಅವಳ ಕಣ್ಣು ಅವನ ಮುಖದ ಮೇಲಿತ್ತು. ಈ ಸಲ ಕೈ ಜಾರಿತು ಎಂದು ಹೇಳುವ ಉದ್ದೇಶವೂ ಅವಳಿಗಿರಲಿಲ್ಲ.

ಆಗ ಮೆಟ್ಟಿಲ ಮೇಲೆ ಸಿಂಧೂರ ಕಾಣಿಸಿಕೊಂಡಳು. ಗದ್ದಲಕ್ಕೆ ಗೋಡೆ ಹಿಡಿದುಕೊಂಡು ಇಳಿದು ಬಂದಿದ್ದಳು. ಕಾಮೇಶ್ವರ ಕುಂಟುತ್ತಾ ಎದ್ದು, ಒಂಟಿಕಾಲಲ್ಲೇ ನೆಗೆದು ಅವಳ ಜಡೆಗೆ ಕೈ ಹಾಕಿ ತನ್ನ ಮುಂದಕ್ಕೆ ಎಳೆದುಕೊಂಡ. ಅವಳ ತಲೆಯ ಪಟ್ಟಿ ಕೆಂಪಾಯಿತು.

"ಹಾಕು! ಹಾಕು ಈಗ!" ಎಂದು ತೆಲುಗಿನಲ್ಲಿ ಕೂಗಿದ. "ನಿನ್ ಮಗಳ ಮುಖಕ್ಕೇ ಹಾಕು!"

ಓಣಿಯ ಜನ ಬಾಗಿಲುಗಳಲ್ಲಿ ನಿಂತಿದ್ದರು. ಒಬ್ಬರೂ ಮುಂದೆ ಬರಲಿಲ್ಲ. ಬೋಗುಣಿಯ ಅಂಚಿನಿಂದ ಚೆಲ್ಲಿದ ಆಯಿಲ್ ದೇವಮ್ಮನ ಮುಂಗೈಯನ್ನು ಸುಡುತ್ತಿತ್ತು. ಅವಳಿಗೆ ಅದು ಗೊತ್ತಾದದ್ದು ಆಮೇಲೆ.

ಸಿಂಧೂರ ತನ್ನ ಕುತ್ತಿಗೆಯ ಪಕ್ಕದಲ್ಲಿದ್ದ ಆ ಎಡಗೈಗೆ ಬಾಯಿ ಹಾಕಿದಳು. ಹೆಬ್ಬೆರಳಿನ ಬುಡಕ್ಕೆ ಹಲ್ಲು ಇಳಿಸಿ, ಅವನು ಇನ್ನೊಂದು ಕೈಯಲ್ಲಿ ತಲೆಗೆ ಗುದ್ದುತ್ತಿದ್ದರೂ ಬಿಡಲಿಲ್ಲ. ರಕ್ತ ಅವಳ ಗದ್ದದಿಂದ ಇಳಿಯಿತು. ಕೊನೆಗೆ ಅವನೇ ಜಡೆ ಬಿಟ್ಟು ಹಿಂದಕ್ಕೆ ತತ್ತರಿಸಿದ, ಅವಳು ಪಕ್ಕಕ್ಕೆ ಬಿದ್ದಳು. ದೇವಮ್ಮ ಬೋಗುಣಿ ಮಗುಚಿದಳು. ಆಯಿಲ್ ಅವನ ಪಾದಗಳ ಮೇಲೆ ಬಿತ್ತು. ಕಾಮೇಶ್ವರ ಆ ಆಯಿಲಿನಲ್ಲೇ ಜಾರಿ ಬಿದ್ದು, ಸುಟ್ಟ ಕಾಲುಗಳನ್ನು ಎತ್ತಿಕೊಂಡು ಹೊರಳಾಡಿದ.

"ಹತ್ತಮ್ಮಾ, ಸ್ಟಾರ್ಟ್ ಮಾಡು," ಎಂದಳು ಸಿಂಧೂರ ಏದುಸಿರು ಬಿಡುತ್ತಾ. "ಪೋದಾಂ, ಹೋಗ್ಬಿಡೋಣ."

"ಇಂಜಿನ್‌ನಾಗೆ ಆಯಿಲ್ ಇಲ್ಲ ಕಣವ್ವ. ಹಂಗೇ ಸ್ಟಾರ್ಟ್ ಮಾಡಿದ್ರೆ ಊರು ದಾಟಕ್ಕಿಲ್ಲ ಇದು."

ಫಿಲ್ಟರು ಬದಲಿಸುವ ಪುರಸೊತ್ತು ಇರಲಿಲ್ಲ. ಸೀಟು ಎತ್ತಿ, ಅದರಡಿಯ ಇಂಜಿನ್ನಿನ ಮುಚ್ಚಳ ತಿರುಗಿಸಿ, ಡಬ್ಬ ಬಗ್ಗಿಸಿದಳು. ಆಯಿಲ್ ಎಂಬುದು ನೀರಲ್ಲ, ಅವಸರ ಅದಕ್ಕೆ ತಿಳಿಯುವುದಿಲ್ಲ. ಜೇನಿನ ಹಾಗೆ ನಿಧಾನವಾಗಿ ಇಳಿಯುತ್ತಿತ್ತು. ಮುರಿದ ಪಕ್ಕೆಲುಬು ಪ್ರತಿ ಉಸಿರಿಗೂ ಚುಚ್ಚುತ್ತಿತ್ತು.

ಒಂದು ಲೀಟರು ಇಳಿಯುವಷ್ಟರಲ್ಲಿ ಕಾಮೇಶ್ವರ ಗೋಡೆಗೆ ಒರಗಿದ್ದ ಕಟ್ಟಿಗೆಯ ತುಂಡೊಂದನ್ನು ಊರಿಕೊಂಡು ಎದ್ದ. ಕೊಂದುಹಾಕುತ್ತೇನೆ ಎಂದು ಅರಚುತ್ತಾ ದೇವಮ್ಮನ ಬೆನ್ನ ಕಡೆಗೆ ಕುಂಟಿಕೊಂಡು ಬಂದ. ಅವಳು ತಿರುಗುವಂತಿರಲಿಲ್ಲ, ತಿರುಗಿದರೆ ಆಯಿಲ್ ಹೊರಗೆ ಚೆಲ್ಲುತ್ತಿತ್ತು. ಸಿಂಧೂರ ಸೀಟಿನ ಹಿಂದಿನಿಂದ ಜಾಕ್ ರಾಡನ್ನು ಎಳೆದುಕೊಂಡಳು. ಅಮ್ಮನ ಬೆನ್ನಿಗೆ ಬೆನ್ನು ಕೊಟ್ಟು ನಿಂತಳು. ಕಟ್ಟಿಗೆ ಮೇಲೆದ್ದಾಗ ಅವಳ ರಾಡು ಅವನ ಎಡಗೈಗೆ ಬಿತ್ತು. ಮತ್ತೊಂದು ಭುಜಕ್ಕೆ. ಅವನು ಬಿದ್ದ ಮೇಲೂ ಅವಳು ನಿಲ್ಲಿಸಲಿಲ್ಲ. ಒಂದೊಂದು ಏಟಿಗೂ ಒಂದೊಂದು ಶುಕ್ರವಾರ ಲೆಕ್ಕ ಹಾಕುತ್ತಿದ್ದಾಳೇನೋ ಎನ್ನುವಂತೆ ಹೊಡೆದಳು. ಕೊನೆಗೆ ಕೋಟೇಶ್ವರಮ್ಮ ಓಡಿ ಬಂದು ಅವಳ ಸೊಂಟ ತಬ್ಬಿ ಹಿಡಿದಳು.

"ಸಾಕಮ್ಮಾ, ಸಾಕು ತಲ್ಲಿ, ಸತ್ತೇ ಹೋಗ್ತಾನೆ. ನಾನು ಹೇಳ್ತೀನಿ ಪೊಲೀಸರಿಗೆ. ನಿನ್ನೆ ಅವನು ಮನೇಲೇ ಇದ್ದ. ಎಲ್ಲ ಕೇಳಿಸ್ಕೊಂಡಿದ್ದೀನಿ ನಾನು, ಪಾಪಿ, ಬಾಯಿ ಬಿಡಲಿಲ್ಲ."

ದೇವಮ್ಮ ಕಡ್ಡಿ ಇಳಿಬಿಟ್ಟು ಮಟ್ಟ ನೋಡಿದಳು. ಮೇಲಿನ ಗೆರೆಗೆ ಬಂದಿತ್ತು. ಮುಚ್ಚಳ ಬಿಗಿದಳು.

ಠಾಣೆಯಲ್ಲಿ ಎರಡು ತಾಸು ಹಿಡಿಯಿತು. ಕೋಟೇಶ್ವರಮ್ಮ ಹೇಳಿದಂತೆ ಬಂದು ಬರೆಸಿದಳು. ಕಾಮೇಶ್ವರನನ್ನು ಆಸ್ಪತ್ರೆಗೆ ಒಯ್ದು ಕಾವಲು ಹಾಕಿದರು. ದೇವಮ್ಮನ ಮೇಲೂ ಒಂದು ದೂರು ಬರೆದುಕೊಂಡರು. ಅವಳು ಒಂದು ಮಾತೂ ಸುಳ್ಳು ಹೇಳಲಿಲ್ಲ, ಹೊಡೆದೆ ಎಂದಳು, ಸುಟ್ಟೆ ಎಂದಳು. ಕರೆದಾಗ ಬರುತ್ತೇನೆಂದು ಬರೆದುಕೊಟ್ಟು, ಪಕ್ಕೆಗೆ ಪಟ್ಟಿ ಕಟ್ಟಿಸಿಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗಳದೇ ಗಾಡಿಯನ್ನು ವಿಶಾಖಪಟ್ಟಣದ ದಾರಿಗೆ ತಿರುಗಿಸಿದಳು.

ಏಲೂರು ಹತ್ತಿರವಾಗುವಾಗ ಹೊತ್ತು ಮುಳುಗುತ್ತಿತ್ತು. ಅಲ್ಲಿಯವರೆಗೆ ಇಬ್ಬರೂ ಮಾತಾಡಿರಲಿಲ್ಲ. 

"ಇಷ್ಟೆಲ್ಲ ಆಗೋಗಂಟ ಒಂದ್ ಮಾತು ಯೋಳ್ಬಾರ್ದಿತ್ತಾ ನಂಗೆ?" ಎಂದಳು ದೇವಮ್ಮ. ಕಣ್ಣಲ್ಲಿ ನೀರು ಬಂದು ರಸ್ತೆ ಮಂಜಾಯಿತು.

ಮಗಳು ಉತ್ತರ ಕೊಡಲಿಲ್ಲ. ಮುಂದೆ ನೋಡುತ್ತಾ ಕೂತಿದ್ದಳು.

"ನಿನ್ನೇ ಕೇಳ್ತಿರೋದು. ಯಾಕ್ ಯೋಳ್ಲಿಲ್ಲ?"

ಆಗಲೂ ಸುಮ್ಮನಿದ್ದಳು. ದೇವಮ್ಮನಿಗೆ ಸಿಟ್ಟು ಬಂದು ಅವಳ ತೋಳು ಹಿಡಿದು ಅಲುಗಿಸಿದಳು. ಸಿಂಧೂರ ಬೆಚ್ಚಿಬಿದ್ದು, ಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡಳು. ಆಮೇಲೆ ಅಮ್ಮ ಎಂದು ತಿಳಿದು, ನಿಧಾನವಾಗಿ ಇಡೀ ಮುಖವನ್ನು ಅವಳ ಕಡೆಗೆ ತಿರುಗಿಸಿದಳು.

"ಏಮ್ಮಾ? ಏನಾದ್ರೂ ಹೇಳಿದ್ಯಾ? ಆ ಕಡೆ ಕಿವಿ ಕೇಳಿಸ್ತಿಲ್ಲ."

ದೇವಮ್ಮ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಎಡಗೈಯವನು ಎದುರು ನಿಂತು ಹೊಡೆದರೆ ಏಟು ಬೀಳುವುದು ಬಲಗಿವಿಗೆ.

"ಯಾಕ್ ಯೋಳ್ಲಿಲ್ಲ ಅಂದೆ," ಎಂದಳು. ಮಗಳು ತುಟಿ ನೋಡಿ ತಿಳಿದುಕೊಂಡಳು.

"ಸಾವಿರಕ್ಕೇ ಬಂದಿದ್ದೆನಲ್ಲಮ್ಮಾ," ಎಂದಳು ಸಿಂಧೂರ. ಅದರಲ್ಲಿ ಸಿಟ್ಟಿರಲಿಲ್ಲ. "ನೀನೇ ವಾಪಸ್ ಕಳಿಸಿದ್ದು."

ಗಾಡಿಯ ಪಕ್ಕದಲ್ಲಿ ಲಾರಿಗಳು ಬುಸುಗುಟ್ಟಿಕೊಂಡು ಹೋಗುತ್ತಿದ್ದವು. ದೇವಮ್ಮ ಸುಟ್ಟ ಕೈಯನ್ನು ಮೊದಲ ಸಲ ನೋಡಿಕೊಂಡಳು. ಊರಿನ ಡ್ರೈವರುಗಳಿಗೆಲ್ಲ ಬಿಟ್ಟ ಏಟುಗಳಲ್ಲಿ ಒಂದನ್ನಾದರೂ ಅಂದು ತನ್ನ ಕೆನ್ನೆಗೇ ಬಿಟ್ಟುಕೊಂಡಿದ್ದರೆ ಎಂದುಕೊಂಡಳು. ಬಹಳ ಹೊತ್ತಿನ ಮೇಲೆ ಗಾಡಿ ಹೊರಟಿತು.

ಇದು ನಡೆದು ವರ್ಷ ದಾಟಿದೆ. ಎರಡೂ ಕೇಸುಗಳು ನಡೆಯುತ್ತಿವೆ, ತಿಂಗಳಿಗೊಮ್ಮೆ ಇಬ್ಬರೂ ವಿಜಯವಾಡಕ್ಕೆ ಹೋಗಿ ಬರುತ್ತಾರೆ. ಕಿವಿಯ ತಮಟೆ ಹರಿದಿದೆ, ಒಳಗಿನ ನರಕ್ಕೂ ಪೆಟ್ಟಾಗಿದೆ, ಆ ಕಡೆ ಮತ್ತೆ ಕೇಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಸಿಂಧೂರ ಈಗ ಶೆಡ್ಡಿನಲ್ಲೇ ಇದ್ದಾಳೆ. ಗುಂಡಿಗೆ ಇಳಿಯುವುದು ಅವಳು, ಮೇಲೆ ನಿಂತು ಹುಯ್ಯುವುದು ದೇವಮ್ಮ. ದೇವಮ್ಮ ಯಾರ ಮೇಲೂ ಕೈ ಮಾಡಿದ್ದನ್ನು ಈ ವರ್ಷ ಯಾರೂ ನೋಡಿಲ್ಲ. ಹಳೇ ಗಿರಾಕಿಗಳಿಗೆ ಅದೇ ಒಂದು ಹೆದರಿಕೆ.

ಮೊನ್ನೆ ಸುಮುಖ ಎಂಬ ನೌಕಾದಳದ ಹುಡುಗ, ಹಾಸನದವನು, ಹೊಸ ಕಾರು ತಂದು ನಿಲ್ಲಿಸಿದ.

"ಅಮ್ಮಾ, ಹೊಸ ಗಾಡಿ. ಮೊದಲನೇ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? ಸದ್ಯಕ್ಕೇನೂ ಸೌಂಡು ಗೀಂಡು ಬರ್ತಿಲ್ಲ."

ದೇವಮ್ಮ ಬಾಯಿ ತೆರೆದಳು. ಇಪ್ಪತ್ತು ವರ್ಷದ ಪಾಠ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಗುಂಡಿಯೊಳಗಿನಿಂದ ಸಿಂಧೂರ ತಲೆ ಎತ್ತಿದಳು.

"ಸಾವಿರಕ್ಕೆ ತಗೊಂಡು ಬಾ ಅಣ್ಣ," ಎಂದಳು. "ಸೌಂಡ್ ಬರೋವರೆಗೂ ಕಾಯಬೇಡ."

ಹುಡುಗ ಸರಿ ಎಂದು ಹೋದ. ದೇವಮ್ಮ ಸ್ಪ್ಯಾನರು ಚಾಚಿ, "ತಗಳವ್ವ," ಎಂದಳು. ಮಗಳು ತಿರುಗಲಿಲ್ಲ. ದೇವಮ್ಮ ನಿಂತಿದ್ದದ್ದು ಅವಳ ಬಲಗಡೆ. ತಾಯಿ ಅಲ್ಲಿಂದಲೇ ಮತ್ತೆ ಕರೆಯಲಿಲ್ಲ. ಪಕ್ಕೆ ಹಿಡಿದುಕೊಂಡು, ಗುಂಡಿಯ ಮೇಲಿದ್ದ ಗಾಡಿಯನ್ನು ಸುತ್ತು ಹಾಕಿ, ಎಡಗಡೆಗೆ ಹೋಗಿ ನಿಂತು ಅದನ್ನೇ ಹೇಳಿದಳು.